ಟಿಎಲ್‌ಎಸ್ ಪದರದ ಮೇಲೆ ಓದು, ಬರಹದ ಇವೆಂಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬರಿಯ ಟಿಸಿಪಿ ಮೇಲೆ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಇವೆಂಟ್ ಲೂಪ್ (ಸಾಕೆಟ್‌ಗಳ ಸುದ್ದಿಗೆ ಕಾದು ಕೆಲಸ ಹಂಚುವ ಸುತ್ತು), ನಡುವೆ ಡೇಟಾವನ್ನು ಎನ್‌ಕ್ರಿಪ್ಟ್ ಮಾಡುವ ಪದರ ಟಿಎಲ್‌ಎಸ್ ಬಂದ ಕೂಡಲೇ ಎರಡರಲ್ಲಿ ಒಂದು ಮಾಡುತ್ತದೆ: ಕಾರಣವಿಲ್ಲದೆ ನಿಂತುಬಿಡುತ್ತದೆ, ಇಲ್ಲವೇ ಸಿಪಿಯುವನ್ನು ನೂರಕ್ಕೆ ಏರಿಸುತ್ತದೆ. ಎರಡರ ಬೇರೂ ಒಂದೇ. ಕರ್ನಲ್ ಹೇಳುವುದು ಸಾಕೆಟ್‌ನ ಸುದ್ದಿ, ನಿಮಗೆ ಬೇಕಿರುವುದು ನಿಮ್ಮ ಡೇಟಾದ ಸುದ್ದಿ. ಇವೆರಡೂ ಈಗ ಬೇರೆ ಬೇರೆ. ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಟಿಎಲ್‌ಎಸ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಮತ್ತು ಸಾಕೆಟ್ ಸಿದ್ಧವಾದಾಗ ಪ್ರೋಗ್ರಾಂ ಅನ್ನು ಎಬ್ಬಿಸುವ ಲಿನಕ್ಸ್‌ನ ಇಪೋಲ್ ಮೇಲಿನವು. ಬೇರೆ ಲೈಬ್ರರಿಗಳಲ್ಲಿ ಹೆಸರು ಬದಲಾಗುತ್ತದೆ, ಕಾಯಿಲೆ ಬದಲಾಗುವುದಿಲ್ಲ.

ಓದಲು ಡೇಟಾ ಇದೆ ಎಂದು ಇಪೋಲ್ ಹೇಳಿತು. ಎಸ್‌ಎಸ್‌ಎಲ್_ರೀಡ್ ಕರೆದರೆ -1 ಬಂತು. ಕನೆಕ್ಷನ್ ಕೆಟ್ಟಿದೆಯೇ?

ಎಸ್‌ಎಸ್‌ಎಲ್_ಗೆಟ್_ಎರರ್ ಕೇಳಿ. ವಾಂಟ್_ರೀಡ್ (ಸಾಕೆಟ್‌ನಿಂದ ಇನ್ನಷ್ಟು ಬರಬೇಕು) ಎಂದರೆ ಏನೂ ಕೆಟ್ಟಿಲ್ಲ, ಕಾಯಿರಿ ಅಷ್ಟೇ.

ಟಿಎಲ್‌ಎಸ್ ಬೈಟ್ ಬೈಟಾಗಿ ಬಿಚ್ಚುವುದಿಲ್ಲ, ರೆಕಾರ್ಡ್ ರೆಕಾರ್ಡಾಗಿ ಬಿಚ್ಚುತ್ತದೆ. ಒಂದು ರೆಕಾರ್ಡ್‌ನಲ್ಲಿ ಹೆಚ್ಚೆಂದರೆ 16,384 ಬೈಟ್ ಡೇಟಾ ಇರಬಹುದು. ಟಿಎಲ್‌ಎಸ್ 1.3ರಲ್ಲಿ ಅದಕ್ಕೆ 5 ಬೈಟ್ ಹೆಡರ್, 1 ಬೈಟ್ ಒಳಬಗೆ (ಒಳಗಿರುವುದು ಯಾವ ಬಗೆಯದು ಎಂಬ ಸಂಖ್ಯೆ), ಎಇಎಸ್-ಜಿಸಿಎಂ ಸೈಫರ್ ಆದರೆ 16 ಬೈಟ್ ಮುದ್ರೆ (ಡೇಟಾ ಯಾರೂ ತಿದ್ದಿಲ್ಲವೆಂದು ತೋರಿಸುವ ಗುರುತು) ಸೇರಿ ತಂತಿಯ ಮೇಲೆ 16,406 ಬೈಟ್ ಆಗುತ್ತದೆ. 1,460 ಬೈಟ್‌ನ ಸೆಗ್ಮೆಂಟ್‌ಗಳಲ್ಲಿ ಕಳಿಸಿದರೆ 12 ಸೆಗ್ಮೆಂಟ್. ಮುದ್ರೆ ಇರುವುದು ರೆಕಾರ್ಡಿನ ಕೊನೆಯಲ್ಲಿ. ಹಾಗಾಗಿ 11 ಸೆಗ್ಮೆಂಟ್ ಬಂದಿದ್ದರೂ ಲೈಬ್ರರಿ ನಿಮಗೆ ಒಂದು ಬೈಟನ್ನೂ ಕೊಡುವುದಿಲ್ಲ, ಕೊಡಲೂ ಬಾರದು. ಅಷ್ಟರಲ್ಲಿ ಇಪೋಲ್ ಮಾತ್ರ ಹಲವು ಸಲ ಎಬ್ಬಿಸಿರುತ್ತದೆ.

ಇನ್ನೊಂದು ಕಾರಣ, ಬಂದದ್ದು ನಿಮ್ಮ ಡೇಟಾವೇ ಅಲ್ಲದಿರುವುದು. ಟಿಎಲ್‌ಎಸ್ 1.3ರಲ್ಲಿ ಹ್ಯಾಂಡ್‌ಶೇಕ್ (ಕೀ ಒಪ್ಪಂದದ ಆರಂಭದ ಮಾತುಕತೆ) ಮುಗಿದ ಮೇಲೆ ಸರ್ವರ್ ಸೆಷನ್ ಟಿಕೆಟ್ (ಮುಂದಿನ ಸಲ ಬೇಗ ಸೇರಲು ಗುರುತು) ಕಳಿಸುತ್ತದೆ. ಓಪನ್‌ಎಸ್‌ಎಸ್‌ಎಲ್ ಸರ್ವರ್ ತಾನಾಗಿಯೇ ಎರಡು ಕಳಿಸುತ್ತದೆ. ಕೀ ಬದಲಾವಣೆಯ ಸಂದೇಶವೂ ಹೀಗೇ ನಡುವೆ ಬರಬಹುದು. ಲೈಬ್ರರಿ ಅವನ್ನು ನುಂಗಿಕೊಂಡು ಸುಮ್ಮನಾಗುತ್ತದೆ. ‘ಓದಬಹುದು’ ಎಂಬ ಇವೆಂಟ್ ಬಂದ ಮೇಲೆ ನಿಶ್ಚಿಂತೆಯಿಂದ, ಡೇಟಾ ಬರುವ ತನಕ ತಡೆಯುವ (ಬ್ಲಾಕಿಂಗ್) ಸಾಕೆಟ್‌ನಲ್ಲಿ ಓದಲು ಹೋದರೆ ಇಡೀ ಪ್ರೋಗ್ರಾಂ ಅಲ್ಲೇ ಸಿಕ್ಕಿಕೊಳ್ಳುವುದು ಇದರಿಂದಲೇ. ಇವೆಂಟ್ ಲೂಪ್ ಇದ್ದರೆ ಸಾಕೆಟ್ ನಾನ್-ಬ್ಲಾಕಿಂಗ್ ಆಗಿಯೇ ಇರಬೇಕು.

ಇದರ ಉಲ್ಟಾ ಆಗುತ್ತಿದೆ: ಎದುರಿನವರು ಕಳಿಸಿದ್ದಾರೆ, ಪ್ಯಾಕೆಟ್ ಬಂದಿದೆ, ಆದರೆ ಇವೆಂಟ್ ಬರುತ್ತಲೇ ಇಲ್ಲ. ಯಾಕೆ?

ಅತಿ ಹೆಚ್ಚು ಜನರ ನಿದ್ದೆ ಕೆಡಿಸಿರುವ ದೋಷ ಇದು. ಅಂಕಿ ಇಟ್ಟುಕೊಂಡು ನೋಡಿ.

ಎದುರಿನವರು 10,000 ಬೈಟ್‌ನ ಒಂದು ರೆಕಾರ್ಡ್ ಕಳಿಸಿದರು. ನಿಮ್ಮ ಬಫರ್ 4,096 ಬೈಟ್. ಎಸ್‌ಎಸ್‌ಎಲ್_ರೀಡ್ ಕರೆದಿರಿ. ರೆಕಾರ್ಡ್ ಬಿಚ್ಚಬೇಕಾದರೆ ಲೈಬ್ರರಿಗೆ ಅದು ಪೂರ್ತಿ ಬೇಕು, ಹಾಗಾಗಿ ಕರ್ನಲ್ ಬಫರನ್ನು ಬಸಿದು ಖಾಲಿ ಮಾಡಿತು. ನಿಮಗೆ 4,096 ಕೊಟ್ಟಿತು. ಉಳಿದ 5,904 ಬೈಟ್ ಲೈಬ್ರರಿಯ ಹೊಟ್ಟೆಯಲ್ಲಿದೆ. ನೀವು ಇಪೋಲ್‌ಗೆ ವಾಪಸ್ ಹೋದಿರಿ. ಕರ್ನಲ್‌ನ ಮಟ್ಟಿಗೆ ಸಾಕೆಟ್ ಖಾಲಿ, ಅದು ಎಬ್ಬಿಸುವುದಿಲ್ಲ. ಸಂದೇಶ ಪೂರ್ತಿ ಸಿಗದೆ ನೀವು ಉತ್ತರ ಕೊಡುವುದಿಲ್ಲ, ಉತ್ತರ ಸಿಗದೆ ಎದುರಿನವರು ಮುಂದೆ ಕಳಿಸುವುದಿಲ್ಲ. ಇಬ್ಬರೂ ಕಾಯುತ್ತ ಕೂತಿರುತ್ತಾರೆ, ಟೈಮ್‌ಔಟ್ ಆಗುವ ತನಕ.

ಇದರ ಗುರುತು ಸುಲಭ: ಸಣ್ಣ ಸಂದೇಶಗಳೆಲ್ಲ ಸರಾಗ, ನಿಮ್ಮ ಬಫರ್ ಗಾತ್ರ ದಾಟಿದ ಕೂಡಲೇ ನಿಂತುಬಿಡುತ್ತದೆ. ಲೆವೆಲ್-ಟ್ರಿಗರ್ (ಡೇಟಾ ಉಳಿದಿರುವಷ್ಟು ಹೊತ್ತೂ ಇಪೋಲ್ ಎಬ್ಬಿಸುವ ಕ್ರಮ) ಇಟ್ಟಿದ್ದೇವೆ, ನಮಗೆ ಈ ತೊಂದರೆ ಇಲ್ಲ ಎಂದು ವಾದಿಸುವವರಿದ್ದಾರೆ. ಇದೆ. ಲೆವೆಲ್ ನೋಡುವುದು ಕರ್ನಲ್ ಬಫರಿನದ್ದು, ಲೈಬ್ರರಿಯದ್ದಲ್ಲ.

ಪರಿಹಾರ: ವಾಂಟ್_ರೀಡ್ ಬರುವವರೆಗೆ ಓದುತ್ತಲೇ ಇರಿ. ಅದು ಆಗದಿದ್ದರೆ ಇಪೋಲ್‌ಗೆ ಹೋಗುವ ಮೊದಲು ಎಸ್‌ಎಸ್‌ಎಲ್_ಪೆಂಡಿಂಗ್ ನೋಡಿ; ಸೊನ್ನೆಗಿಂತ ಹೆಚ್ಚಿದ್ದರೆ ಆ ಕನೆಕ್ಷನ್‌ಗೆ ಇವೆಂಟ್ ಬಂದಿದೆ ಎಂದೇ ಭಾವಿಸಿ. ರೀಡ್-ಅಹೆಡ್ ಚಾಲೂ ಮಾಡಿದ್ದರೆ ಎಸ್‌ಎಸ್‌ಎಲ್_ಪೆಂಡಿಂಗ್ ಸಾಲದು. ಅದು ಬಿಚ್ಚಿದ ಬೈಟ್‌ಗಳನ್ನಷ್ಟೇ ಎಣಿಸುತ್ತದೆ, ಒಳಗೆ ತಂದಿಟ್ಟು ಇನ್ನೂ ಬಿಚ್ಚದ ರೆಕಾರ್ಡ್‌ಗಳನ್ನು ಎಣಿಸುವುದಿಲ್ಲ. ಅದಕ್ಕೆ ಓಪನ್‌ಎಸ್‌ಎಸ್‌ಎಲ್ 1.1.0ರಿಂದ ಎಸ್‌ಎಸ್‌ಎಲ್_ಹ್ಯಾಸ್_ಪೆಂಡಿಂಗ್ ಇದೆ. ಆದರೆ ಅದು ‘ಹೌದು’ ಅಂದರೂ ಒಳಗಿರುವುದು ಅರ್ಧ ರೆಕಾರ್ಡ್ ಆಗಿರಬಹುದು. ಅದನ್ನೇ ನಂಬಿ ಸುತ್ತಿದರೆ ಕೊನೆಯಿಲ್ಲದ ಲೂಪ್. ಒಂದು ಸಲ ಓದಿ ನೋಡಿ, ವಾಂಟ್_ರೀಡ್ ಬಂದರೆ ನಿಲ್ಲಿಸಿ.

ಪೂರ್ತಿ ಖಾಲಿಯಾಗುವ ತನಕ ಓದಿದರೆ ಒಂದೇ ಕನೆಕ್ಷನ್ ಎಲ್ಲ ಸಮಯ ತಿನ್ನುವುದಿಲ್ಲವೇ?

ತಿನ್ನುತ್ತದೆ, ಅದರಲ್ಲೂ ಎದುರಿನ ಯಂತ್ರ ವೇಗದ್ದಾಗಿದ್ದರೆ. ಒಂದು ಇವೆಂಟ್‌ಗೆ ಇಷ್ಟು ಎಂದು ಮಿತಿ ಹಾಕಿ. 64 ಕಿಲೋಬೈಟ್, ಅಂದರೆ ನಾಲ್ಕು ಪೂರ್ಣ ರೆಕಾರ್ಡ್, ಒಳ್ಳೆಯ ಆರಂಭ. ಮಿತಿ ಮುಟ್ಟಿದಾಗ ಆ ಕನೆಕ್ಷನ್ನನ್ನು ನಿಮ್ಮದೇ ಒಂದು ‘ಇನ್ನೂ ಬಾಕಿ’ ಪಟ್ಟಿಗೆ ಸೇರಿಸಿ. ಆ ಪಟ್ಟಿಯಲ್ಲಿ ಯಾರಾದರೂ ಇದ್ದರೆ ಇಪೋಲ್‌ಗೆ ಟೈಮ್‌ಔಟ್ 0 ಕೊಟ್ಟು ಕರೆಯಿರಿ. ಪಟ್ಟಿ ಇಟ್ಟು ಟೈಮ್‌ಔಟ್ ಬದಲಿಸಲು ಮರೆತರೆ ಮೇಲಿನ ಪ್ರಶ್ನೆಗೇ ವಾಪಸ್.

ಓದಲು ಹೋದರೆ ವಾಂಟ್_ರೈಟ್ ಯಾಕೆ ಬರುತ್ತದೆ?

ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಕಾಣುತ್ತದೆ, ಆದರೆ ತರ್ಕ ನೇರವಾಗಿದೆ. ನೀವು ಓದು ಎಂದಾಗ ಲೈಬ್ರರಿ ಪ್ರೋಟೋಕಾಲಿನ ಕೆಲಸವನ್ನೂ ಮಾಡುತ್ತದೆ, ಆ ಕೆಲಸಕ್ಕೆ ಬರೆಯಬೇಕಾಗಬಹುದು. ಹ್ಯಾಂಡ್‌ಶೇಕ್ ಇನ್ನೂ ಮುಗಿಯದೆ ಇದ್ದರೆ ಮೊದಲ ಎಸ್‌ಎಸ್‌ಎಲ್_ರೀಡ್‌ನ ಒಳಗೇ ಅದು ನಡೆಯುತ್ತದೆ. ಟಿಎಲ್‌ಎಸ್ 1.2ರಲ್ಲಿ ನಡುವೆ ರೀನೆಗೋಷಿಯೇಷನ್, ಅಂದರೆ ಮತ್ತೊಂದು ಹ್ಯಾಂಡ್‌ಶೇಕ್, ಶುರುವಾಗಬಹುದು. 2018ರ ಟಿಎಲ್‌ಎಸ್ 1.3 ಅದನ್ನು ಕಿತ್ತುಹಾಕಿತು, ಆದರೆ ಹ್ಯಾಂಡ್‌ಶೇಕ್ ನಂತರವೂ ಕ್ಲೈಂಟ್ ಸರ್ಟಿಫಿಕೇಟ್ ಕೇಳುವ ಅವಕಾಶ ಉಳಿಸಿಕೊಂಡಿತು. ಹಾಗಾಗಿ 1.3 ಮಾತ್ರ ಬಳಸುತ್ತೇವೆ, ಈ ದಾರಿ ನಮಗೆ ಬೇಡ ಎಂದು ಬಿಡುವಂತಿಲ್ಲ. ಬರೆಯಲು ಹೋದಾಗ ವಾಂಟ್_ರೀಡ್ ಬರುವುದೂ ಇದೇ ಕಾರಣಕ್ಕೆ.

ಹಾಗಾದರೆ ಯಾವ ಇವೆಂಟ್‌ಗೆ ಕಾಯಬೇಕು?

‘ನಾನು ಓದಬೇಕು, ಆದ್ದರಿಂದ ಓದುವ ಇವೆಂಟ್’ ಎಂಬ ಲೆಕ್ಕ ಬಿಡಿ. ಲೈಬ್ರರಿ ಕೊನೆಯ ಸಲ ಏನು ಕೇಳಿತೋ ಅದನ್ನು ಇಪೋಲ್‌ಗೆ ಕೇಳಿ. ಪ್ರತಿ ಕನೆಕ್ಷನ್‌ಗೆ ಎರಡು ಗುರುತು ಇಟ್ಟುಕೊಳ್ಳಿ: ಓದುವ ಕರೆ ಯಾವುದಕ್ಕೆ ಕಾಯುತ್ತಿದೆ, ಬರೆಯುವ ಕರೆ ಯಾವುದಕ್ಕೆ ಕಾಯುತ್ತಿದೆ. ಆಮೇಲೆ:

1. ಎರಡು ಗುರುತುಗಳನ್ನೂ ಕೂಡಿಸಿ ಇಪೋಲ್‌ಗೆ ಕೊಡಿ. ಯಾವುದೂ ಬಾಕಿ ಇಲ್ಲದಿದ್ದರೆ, ಮೇಲಿನ ಪದರಕ್ಕೆ ಡೇಟಾ ಬೇಕಿದ್ದರೆ, ಓದುವ ಇವೆಂಟ್ ಒಂದೇ ಸಾಕು.
2. ಸಾಕೆಟ್ ‘ಬರೆಯಬಹುದು’ ಎಂದಾಗ, ಆ ಇವೆಂಟ್‌ಗೆ ಕಾಯುತ್ತಿದ್ದ ಕರೆಯನ್ನೇ ಮತ್ತೆ ಕರೆಯಿರಿ. ಅದು ಎಸ್‌ಎಸ್‌ಎಲ್_ರೀಡ್ ಆಗಿರಬಹುದು.
3. ‘ಓದಬಹುದು’ ಎಂದಾಗಲೂ ಹಾಗೆಯೇ. ಎಸ್‌ಎಸ್‌ಎಲ್_ರೈಟ್ ವಾಂಟ್_ರೀಡ್ ಅಂದಿದ್ದರೆ ಅದನ್ನು ಕರೆಯಿರಿ.
4. ಪ್ರತಿ ಕರೆಯ ಫಲದ ಮೇಲೆ ಗುರುತು ತಿದ್ದಿ. ಕರೆ ಗೆದ್ದರೆ ಅಳಿಸಿ.

ನಾಲ್ಕನೆಯದನ್ನು ಮರೆಯುವವರೇ ಹೆಚ್ಚು. ಒಮ್ಮೆ ಹಾಕಿದ ‘ಬರೆಯಬಹುದು’ ಆಸಕ್ತಿ ಹಾಗೇ ಉಳಿಯುತ್ತದೆ. ಸಾಕೆಟ್ ಬಹುಪಾಲು ಹೊತ್ತು ಬರೆಯಲು ಸಿದ್ಧವಾಗಿಯೇ ಇರುವುದರಿಂದ ಇಪೋಲ್ ಪ್ರತಿ ಸುತ್ತಿನಲ್ಲೂ ತಕ್ಷಣ ವಾಪಸ್ ಬರುತ್ತದೆ. ಸಿಪಿಯು ನೂರಕ್ಕೆ ಏರುವ ದೂರುಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು. ಸಿಸ್ಟಂ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ, ಇಪೋಲ್_ವೇಟ್ ಸಾಲುಗಳ ನಡುವೆ ರೀಡ್, ರೈಟ್ ಏನೂ ಇಲ್ಲದೆ ಅದೊಂದೇ ಹರಿಯುತ್ತಿದ್ದರೆ ರೋಗ ಸಿಕ್ಕಿತು.

‘ಬ್ಯಾಡ್ ರೈಟ್ ರೀಟ್ರೈ’ ಎಂಬ ದೋಷ ಎಂದರೇನು?

ಬರೆಯಲು ಕೊಟ್ಟ ಡೇಟಾವನ್ನು ಲೈಬ್ರರಿ ಆಗಲೇ ಎನ್‌ಕ್ರಿಪ್ಟ್ ಮಾಡಿ ರೆಕಾರ್ಡ್ ಕಟ್ಟಿಟ್ಟಿದೆ, ಅದರ ಕ್ರಮಸಂಖ್ಯೆಯೂ ಖರ್ಚಾಗಿದೆ. ಸಾಕೆಟ್ ತುಂಬಿದ್ದರಿಂದ ಅರ್ಧ ಮಾತ್ರ ಹೋಗಿದೆ. ಈಗ ನೀವು ಬೇರೆ ಡೇಟಾ ಕೊಟ್ಟು ಕರೆದರೆ ಕಟ್ಟಿದ್ದನ್ನು ಬಿಚ್ಚಿ ಕಟ್ಟಲಾಗುವುದಿಲ್ಲ. ಆದ್ದರಿಂದ ವಾಂಟ್ ಬಂದ ಮೇಲೆ ಎಸ್‌ಎಸ್‌ಎಲ್_ರೈಟ್ ಅನ್ನು ಅದೇ ವಿಳಾಸ, ಅದೇ ಉದ್ದದೊಂದಿಗೆ ಮತ್ತೆ ಕರೆಯಬೇಕು.

ಬೆಳೆಯುವ ಬಫರ್‌ನಿಂದ ಬರೆಯುವವರು ಇಲ್ಲಿ ಬೀಳುತ್ತಾರೆ. ಬಫರ್‌ಗೆ ಹೊಸ ಡೇಟಾ ಸೇರಿತು, ಜಾಗ ಸಾಲದೆ ಮೆಮೊರಿಯಲ್ಲಿ ಬೇರೆಡೆ ಸರಿಯಿತು, ವಿಳಾಸ ಬದಲಾಯಿತು. ಡೇಟಾ ಅದೇ ಇದ್ದರೂ ಲೈಬ್ರರಿ ಒಪ್ಪುವುದಿಲ್ಲ. ಅಕ್ಸೆಪ್ಟ್_ಮೂವಿಂಗ್_ರೈಟ್_ಬಫರ್ ಮೋಡ್ ಹಾಕಿದರೆ ವಿಳಾಸದ ತಪಾಸಣೆ ಹೋಗುತ್ತದೆ, ಒಳಗಿನ ಬೈಟ್‌ಗಳು ಮಾತ್ರ ಅವೇ ಆಗಿರಬೇಕು. ಜೊತೆಗೆ ಎನೇಬಲ್_ಪಾರ್ಷಿಯಲ್_ರೈಟ್ ಕೂಡ ಹಾಕಿ. ಇಲ್ಲದಿದ್ದರೆ 1 ಮೆಗಾಬೈಟ್ ಕೊಟ್ಟಾಗ ಅದರ ಕೊನೆಯ ಬೈಟ್ ಹೋಗುವ ತನಕ ‘ಯಶಸ್ಸು’ ಬರುವುದಿಲ್ಲ. ಹಾಕಿದರೆ ಒಂದೊಂದು ರೆಕಾರ್ಡ್ ಹೋದಂತೆ ಲೆಕ್ಕ ಸಿಗುತ್ತದೆ, ಅಷ್ಟನ್ನು ಸಾಲಿನಿಂದ ತೆಗೆಯಬಹುದು. ನಾನ್-ಬ್ಲಾಕಿಂಗ್ ಕೆಲಸಕ್ಕೆ ಇವೆರಡೂ ಇರಲೇಬೇಕು ಎಂಬುದು ನಮ್ಮ ಅಭಿಪ್ರಾಯ.

ಬರಹ ಬಾಕಿ ಇದೆ ಎಂದು ಓದುವುದನ್ನು ನಿಲ್ಲಿಸಬೇಡಿ. ಎರಡೂ ಕಡೆಯವರು ದೊಡ್ಡ ಡೇಟಾ ಸುರಿಯುತ್ತ, ‘ನನ್ನದು ಹೋಗಲಿ, ಆಮೇಲೆ ಓದುತ್ತೇನೆ’ ಎಂದು ಕೂತರೆ ಎರಡೂ ಕಡೆಯ ಬಫರ್ ತುಂಬಿ ಬೀಗ ಬೀಳುತ್ತದೆ.

ಎಡ್ಜ್-ಟ್ರಿಗರ್ (ಹೊಸದಾಗಿ ಡೇಟಾ ಬಂದಾಗ ಮಾತ್ರ ಎಬ್ಬಿಸುವ ಕ್ರಮ) ಬಳಸಬಹುದೇ?

ಬಳಸಬಹುದು, ವಾಂಟ್_ರೀಡ್ ಬರುವ ತನಕ ಓದುವ ಶಿಸ್ತು ಇದ್ದರೆ. ಒಂದು ಹಳೆಯ ಬಲೆ ಇದೆ. ಆಟೋ_ರೀಟ್ರೈ ಮೋಡ್ ಇಲ್ಲದಿದ್ದರೆ, ಡೇಟಾ ಅಲ್ಲದ ರೆಕಾರ್ಡ್ ಒಂದನ್ನು ನುಂಗಿದ ಮೇಲೆ ಎಸ್‌ಎಸ್‌ಎಲ್_ರೀಡ್ ಸಾಕೆಟ್‌ನಲ್ಲಿ ಇನ್ನೂ ಬೈಟ್‌ಗಳಿದ್ದರೂ ವಾಂಟ್_ರೀಡ್ ಎಂದುಬಿಡಬಹುದು. ಲೆವೆಲ್‌ನಲ್ಲಿ ಇಪೋಲ್ ಮತ್ತೆ ಎಬ್ಬಿಸುತ್ತದೆ, ಎಡ್ಜ್‌ನಲ್ಲಿ ಎಬ್ಬಿಸುವುದಿಲ್ಲ. ಓಪನ್‌ಎಸ್‌ಎಸ್‌ಎಲ್ 1.1.1ರಿಂದ ಈ ಮೋಡ್ ತಾನಾಗಿ ಚಾಲೂ ಇರುತ್ತದೆ. ಹಳೆಯ ಕೋಡ್‌ನಲ್ಲಿ ಯಾರಾದರೂ ಅದನ್ನು ಬೇಕೆಂದೇ ತೆಗೆದಿದ್ದಾರೆಯೇ ಎಂದು ಹುಡುಕಿ.

ಹ್ಯಾಂಡ್‌ಶೇಕ್ ಯಾವಾಗ ಶುರು ಮಾಡಬೇಕು?

ನಾನ್-ಬ್ಲಾಕಿಂಗ್ ಕನೆಕ್ಟ್ ‘ನಡೆಯುತ್ತಿದೆ’ ಎಂದರೆ ‘ಬರೆಯಬಹುದು’ ಇವೆಂಟ್‌ಗೆ ಕಾಯಿರಿ. ಬಂದ ಮೇಲೆ ಸಾಕೆಟ್‌ನ ದೋಷಸಂಖ್ಯೆ ಎಸ್‌ಒ_ಎರರ್ ಓದಿ. ಸೋತ ಕನೆಕ್ಷನ್ ಕೂಡ ‘ಬರೆಯಬಹುದು’ ಎಂದೇ ಎಬ್ಬಿಸುತ್ತದೆ. ಸೊನ್ನೆ ಇದ್ದರೆ ಎಸ್‌ಎಸ್‌ಎಲ್_ಕನೆಕ್ಟ್ ಕರೆಯಿರಿ, ಅದು 1 ಕೊಡುವ ತನಕ ಅದು ಕೇಳಿದ ಇವೆಂಟ್‌ಗೆ ಕಾದು ಮತ್ತೆ ಮತ್ತೆ ಕರೆಯಿರಿ. ಇಡೀ ಹ್ಯಾಂಡ್‌ಶೇಕ್‌ಗೆ ಒಂದೇ ಗಡುವು ಇರಲಿ. ಪ್ರತಿ ಇವೆಂಟ್‌ಗೂ ಟೈಮರ್ ಹೊಸದಾಗಿ ಶುರುವಾದರೆ, ನಿಧಾನಕ್ಕೆ ಒಂದೊಂದೇ ಬೈಟ್ ಕಳಿಸುವವನು ನಿಮ್ಮ ಕನೆಕ್ಷನ್ನನ್ನು ದಿನವಿಡೀ ಹಿಡಿದಿಡುತ್ತಾನೆ.

ಸಾಕೆಟ್ ಬದಲು ಮೆಮೊರಿ ಬಿಐಓ (ಓಪನ್‌ಎಸ್‌ಎಸ್‌ಎಲ್ ಓದಿ ಬರೆಯುವ ಮೆಮೊರಿ ಬಫರ್) ಬಳಸುತ್ತೇವೆ. ಹ್ಯಾಂಡ್‌ಶೇಕ್ ಅಲುಗಾಡುತ್ತಿಲ್ಲ.

ಬರೆಯುವ ಬಿಐಓ ಖಾಲಿ ಮಾಡಿಲ್ಲ. ಎಸ್‌ಎಸ್‌ಎಲ್_ಕನೆಕ್ಟ್ ವಾಂಟ್_ರೀಡ್ ಎಂದಿತು, ನೀವು ಕಾಯುತ್ತ ಕೂತಿರಿ, ಕ್ಲೈಂಟ್‌ನ ಮೊದಲ ಸಂದೇಶ ಮೆಮೊರಿಯಲ್ಲೇ ಇದೆ, ತಂತಿಗೆ ಇಳಿದೇ ಇಲ್ಲ. ಯಾವ ಎಸ್‌ಎಸ್‌ಎಲ್ ಕರೆಯಾದರೂ ಸರಿ, ಗೆಲ್ಲಲಿ ಸೋಲಲಿ, ಮುಗಿದ ಕೂಡಲೇ ಹೊರಹೋಗುವ ಬಿಐಓದಲ್ಲಿ ಏನಿದೆ ನೋಡಿ ಕೆಳಕ್ಕೆ ಕಳಿಸಿ. ಓದುವ ಕರೆಯ ನಂತರವೂ.

ಮೆಮೊರಿ ಬಿಐಓ ಬೇಕಾದಷ್ಟು ಹಿಗ್ಗುತ್ತದೆ, ಹಾಗಾಗಿ ತುಂಬಿತು ಎಂಬ ವಾಂಟ್_ರೈಟ್ ಬರುವುದೇ ಇಲ್ಲ. ನಿಧಾನದ ಗ್ರಾಹಕನಿಗೆ ದೊಡ್ಡ ಫೈಲ್ ಕಳಿಸಿದರೆ ಇಡೀ ಫೈಲ್ ಎನ್‌ಕ್ರಿಪ್ಟ್ ಆಗಿ ನಿಮ್ಮ ಮೆಮೊರಿಯಲ್ಲಿ ಕೂರುತ್ತದೆ. ತಡೆ ನೀವೇ ಹಾಕಬೇಕು: ಬಾಕಿ 64 ಕಿಲೋಬೈಟ್ ದಾಟಿದರೆ ಮೇಲಿನವರಿಂದ ತೆಗೆದುಕೊಳ್ಳುವುದು ನಿಲ್ಲಿಸಿ, 16 ಕಿಲೋಬೈಟ್‌ಗೆ ಇಳಿದಾಗ ಮತ್ತೆ ಶುರು ಮಾಡಿ.

ಜಾವಾದ ಎಸ್‌ಎಸ್‌ಎಲ್ಎಂಜಿನ್‌ನಲ್ಲೂ ಇದೇ ಕಥೆ. ನೀಡ್_ವ್ರ್ಯಾಪ್ ಎಂದರೆ ಕಳಿಸಲು ನಿಮ್ಮ ಬಳಿ ಏನೂ ಇಲ್ಲದಿದ್ದರೂ ವ್ರ್ಯಾಪ್ ಕರೆಯಬೇಕು. ನೀಡ್_ಟಾಸ್ಕ್ ಎಂದರೆ ಒಪ್ಪಿಸಿದ ಕೆಲಸ ಓಡಿಸದೆ ಮುಂದೆ ಹೋಗುವಂತಿಲ್ಲ. ಬಫರ್_ಅಂಡರ್‌ಫ್ಲೋ ಬಂದಾಗ ಮಾತ್ರ ಸೆಲೆಕ್ಟರ್‌ಗೆ (ಜಾವಾದಲ್ಲಿ ಇಪೋಲ್‌ನ ಜಾಗದಲ್ಲಿರುವುದು) ಹೋಗಿ. ಒಳಬಫರಿನಲ್ಲಿ ಇನ್ನೊಂದು ಪೂರ್ಣ ರೆಕಾರ್ಡ್ ಉಳಿದಿರುವಾಗಲೇ ಹೋದರೆ ಎರಡನೆಯ ಪ್ರಶ್ನೆಯಲ್ಲಿದ್ದಂತೆ ನಿಂತುಬಿಡುತ್ತದೆ.

ಟಿಎಲ್‌ಎಸ್ ಒಳಗೆ ಇನ್ನೊಂದು ಟಿಎಲ್‌ಎಸ್ ಇದೆ. ಏನು ಗಮನಿಸಬೇಕು?

ಟಿಎಲ್‌ಎಸ್ ಪ್ರಾಕ್ಸಿ ಮೂಲಕ ಟಿಎಲ್‌ಎಸ್ ಸರ್ವರ್ ತಲುಪುವಾಗ ಹೀಗಾಗುತ್ತದೆ. ಕೆಳಗಿನ ಒಂದು ಇವೆಂಟ್ ಮೇಲೆ ಸೊನ್ನೆಯಾಗಬಹುದು, ಹತ್ತಾಗಬಹುದು. ಓದುವಾಗ ಕೆಳಗಿಂದ ಮೇಲಕ್ಕೆ, ಬರೆಯುವಾಗ ಮೇಲಿಂದ ಕೆಳಕ್ಕೆ ಸಾಗಿಸಿ. ಯಾವ ಪದರದಲ್ಲೂ ಒಂದು ಬೈಟೂ ಅಲುಗಾಡದ ಸುತ್ತು ಬರುವ ತನಕ ಬಿಡಬೇಡಿ. ಆಮೇಲಷ್ಟೇ ಇಪೋಲ್. ಬಾಕಿ ಇದೆಯೇ ಎಂದು ಕೇಳುವಾಗ ಒಳಪದರವನ್ನು ಮಾತ್ರ ಕೇಳಿದರೆ ಸಾಲದು, ಹೊರಪದರದ ಹೊಟ್ಟೆಯನ್ನೂ ನೋಡಿ.

ಗಾತ್ರದ ಒಂದು ಸೂಕ್ಷ್ಮ ಇಲ್ಲಿದೆ. ಒಳಗಿನ ಪೂರ್ಣ ರೆಕಾರ್ಡ್ 16,406 ಬೈಟ್. ಹೊರಗಿನದು ಒಂದು ರೆಕಾರ್ಡ್‌ನಲ್ಲಿ 16,384ಕ್ಕಿಂತ ಹೆಚ್ಚು ಹೊರುವುದಿಲ್ಲ. ಹಾಗಾಗಿ 22 ಬೈಟ್‌ನ ಬಾಲಕ್ಕಾಗಿ ಇನ್ನೊಂದು ರೆಕಾರ್ಡ್ ಹುಟ್ಟುತ್ತದೆ. ಆ ಬಾಲದಲ್ಲೇ ಒಳಗಿನ ಮುದ್ರೆ ಇರುವುದರಿಂದ ಅದು ಬರುವ ತನಕ ಒಳಪದರಕ್ಕೆ ಏನೂ ಬಿಚ್ಚಲಾಗುವುದಿಲ್ಲ. ಒಳಪದರದ ಮ್ಯಾಕ್ಸ್_ಸೆಂಡ್_ಫ್ರಾಗ್ಮೆಂಟ್ (ಕಳಿಸುವ ಒಂದು ರೆಕಾರ್ಡ್‌ನ ಗರಿಷ್ಠ ಡೇಟಾ) ಅನ್ನು 16,362ಕ್ಕೆ ಇಳಿಸಿದರೆ ಲೆಕ್ಕ ಸರಿಯಾಗಿ ಕೂರುತ್ತದೆ.

ಟಿಸಿಎಲ್ ಭಾಷೆಯಲ್ಲಿ ಚಾನೆಲ್ ಮೇಲೆ ಚಾನೆಲ್ ಪೇರಿಸಿದ್ದೇವೆ. ಫೈಲ್‌ಇವೆಂಟ್ ಬರುತ್ತದೆ, ಸಾಲು ಓದುವ ಗೆಟ್ಸ್ -1 ಕೊಡುತ್ತದೆ.

-1 ಬಂದ ಕೂಡಲೇ ಮುಚ್ಚಬೇಡಿ. ಮೊದಲು ಇಓಎಫ್ ಕೇಳಿ, ಆಮೇಲೆ ಎಫ್‌ಬ್ಲಾಕ್ಡ್ ಕೇಳಿ. ಎರಡನೆಯದು 1 ಎಂದರೆ ಪೂರ್ತಿ ಸಾಲು ಇನ್ನೂ ಬಂದಿಲ್ಲ, ಹ್ಯಾಂಡ್ಲರ್‌ನಿಂದ ಸುಮ್ಮನೆ ವಾಪಸ್ ಬನ್ನಿ. ಹ್ಯಾಂಡ್‌ಶೇಕ್ ಮುಗಿಯುವ ಮೊದಲು ಡೇಟಾ ಹ್ಯಾಂಡ್ಲರ್ ಕಟ್ಟಬೇಡಿ. ಟಿಎಲ್‌ಎಸ್ ಹ್ಯಾಂಡ್‌ಶೇಕ್ ಆಜ್ಞೆ 1 ಕೊಟ್ಟ ಮೇಲೆ ಬದಲಿಸಿ. ಸ್ವಂತ ಪದರವನ್ನು ಸಿಯಲ್ಲಿ ಬರೆಯುವವರು ಒಳಬಫರಿನಲ್ಲಿ ಡೇಟಾ ಉಳಿದಾಗ ಮೇಲಿನ ಚಾನೆಲ್‌ಗೆ ತಾವೇ ಟೈಮರ್ ಇಟ್ಟು ಇವೆಂಟ್ ಹುಟ್ಟಿಸಬೇಕು, ಕೆಳಗಿನ ಸಾಕೆಟ್ ಹುಟ್ಟಿಸುವುದಿಲ್ಲ.

ಸ್ಟಾರ್ಟ್‌ಟಿಎಲ್‌ಎಸ್‌ನಲ್ಲಿ ಬರಿಯ ಪದರದಿಂದ ಎನ್‌ಕ್ರಿಪ್ಟ್ ಪದರಕ್ಕೆ ದಾಟುವಾಗ?

ದಾಟುವ ಕ್ಷಣದಲ್ಲಿ ನಿಮ್ಮ ಓದು-ಬಫರ್ ಖಾಲಿ ಇರಬೇಕು. ಸ್ಟಾರ್ಟ್‌ಟಿಎಲ್‌ಎಸ್ ಆಜ್ಞೆಯ ಹಿಂದೆಯೇ ಬರಿಯ ರೂಪದಲ್ಲಿ ಅಂಟಿಕೊಂಡು ಬಂದ ಸಾಲುಗಳನ್ನು ಇಟ್ಟುಕೊಂಡು, ಹ್ಯಾಂಡ್‌ಶೇಕ್ ಆದ ಮೇಲೆ ಅವನ್ನೂ ಸುರಕ್ಷಿತವಾಗಿ ಬಂದವೆಂದು ಓಡಿಸಿದರೆ, ನಡುವೆ ಕೂತವನು ತನ್ನ ಆಜ್ಞೆ ತೂರಿಸಬಹುದು. ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್‌ನಲ್ಲಿ 2011ರಲ್ಲಿ ತಿದ್ದಿದ್ದು ಇದೇ ದೋಷವನ್ನು, ಸಿವಿಇ-2011-0411. ಉಳಿದದ್ದು ಕಂಡರೆ ಬಿಸಾಡಿ, ಇಲ್ಲವೇ ಕನೆಕ್ಷನ್ ಮುರಿಯಿರಿ.

ಮುಚ್ಚುವ ಸರಿಯಾದ ಕ್ರಮ ಯಾವುದು?

ಎಸ್‌ಎಸ್‌ಎಲ್_ಶಟ್‌ಡೌನ್ ಮೊದಲ ಸಲ 0 ಕೊಟ್ಟರೆ ಅದು ಸೋಲಲ್ಲ: ನಿಮ್ಮ ಮುಕ್ತಾಯದ ಸಂದೇಶ ಹೋಗಿದೆ, ಅವರದ್ದು ಬಂದಿಲ್ಲ. ಅವರ ಉಳಿದ ಡೇಟಾ ಬೇಕಿದ್ದರೆ ಎಸ್‌ಎಸ್‌ಎಲ್_ರೀಡ್ ಮಾಡುತ್ತ ಝೀರೋ_ರಿಟರ್ನ್‌ಗೆ (ಅವರ ಮುಕ್ತಾಯದ ಸಂದೇಶ ಬಂತು ಎಂಬ ಸೂಚನೆ) ಕಾಯಿರಿ. ಆ ಸಂದೇಶವಿಲ್ಲದೆ ಟಿಸಿಪಿ ಮಾತ್ರ ಮುಗಿದರೆ ಡೇಟಾ ನಡುವೆ ಕತ್ತರಿಸಿಹೋಗಿರಬಹುದು, ಓಪನ್‌ಎಸ್‌ಎಸ್‌ಎಲ್ 3.0 ಇದನ್ನು ಪ್ರೋಟೋಕಾಲ್ ದೋಷವೆಂದೇ ತೋರಿಸುತ್ತದೆ. ಉದ್ದ ಮೊದಲೇ ಗೊತ್ತಿರುವ ಸಂದೇಶವಾದರೆ ಕ್ಷಮಿಸಬಹುದು, ‘ಮುಚ್ಚುವ ತನಕ ಓದು’ ಎಂಬ ಕ್ರಮವಾದರೆ ಕೂಡದು. ಎರರ್_ಎಸ್‌ಎಸ್‌ಎಲ್ ಅಥವಾ ಎರರ್_ಸಿಸ್‌ಕಾಲ್ ಬಂದ ಮೇಲೆ ಶಟ್‌ಡೌನ್ ಕರೆಯಬೇಡಿ, ಸಾಕೆಟ್ ಮುಚ್ಚಿ ಮುಗಿಸಿ.

ಬರೆದು, ಏನೂ ಓದದೆ, ತಕ್ಷಣ ಮುಚ್ಚುವ ಕ್ಲೈಂಟ್‌ಗಳು 1.3ಕ್ಕೆ ಬಂದ ಮೇಲೆ ಏಟು ತಿಂದಿವೆ. ಸರ್ವರ್ ಕಳಿಸಿದ ಟಿಕೆಟ್‌ಗಳು ಓದದೆ ಕರ್ನಲ್‌ನಲ್ಲಿ ಬಿದ್ದಿರುತ್ತವೆ. ಓದದ ಬೈಟ್‌ಗಳಿರುವಾಗ ಸಾಕೆಟ್ ಮುಚ್ಚಿದರೆ ಲಿನಕ್ಸ್ ರೀಸೆಟ್ ಕಳಿಸುತ್ತದೆ, ಆ ರೀಸೆಟ್ ನೀವು ಕಳಿಸಿದ ಕೊನೆಯ ಡೇಟಾವನ್ನು ಸರ್ವರ್ ಓದುವ ಮೊದಲೇ ಅಳಿಸಿಹಾಕಬಹುದು. ಸರ್ವರ್ ಕಡೆಯವರು ಸಿಗ್‌ಪೈಪ್ ಸಂಕೇತವನ್ನು ಕಡೆಗಣಿಸುವಂತೆ ಇಡಲಿ, ಇಲ್ಲದಿದ್ದರೆ ಹೋದ ಗ್ರಾಹಕನಿಗೆ ಬರೆಯಲು ಹೋಗಿ ಇಡೀ ಪ್ರೋಸೆಸ್ ಸಾಯುತ್ತದೆ.

‘ರಾಂಗ್ ವರ್ಷನ್ ನಂಬರ್’ ಬಂತು. ಎರಡೂ ಕಡೆ ಒಂದೇ ಟಿಎಲ್‌ಎಸ್ ಆವೃತ್ತಿ ಇದೆ.

ಬಹುಮಟ್ಟಿಗೆ ಎದುರಿನವರು ಟಿಎಲ್‌ಎಸ್ ಮಾತನಾಡುತ್ತಲೇ ಇಲ್ಲ. ಎಚ್‌ಟಿಟಿಪಿ ಉತ್ತರ ಬಂದಿದೆ ಎಂದುಕೊಳ್ಳಿ. ಮೊದಲ ಐದು ಬೈಟ್ 72, 84, 84, 80, 47. ಲೈಬ್ರರಿ ಇದನ್ನು ಹೆಡರ್ ಎಂದು ಓದುತ್ತದೆ: ಬಗೆ 72, ಆವೃತ್ತಿ 84.84, ಉದ್ದ 20,527. ನಿಜವಾದ ರೆಕಾರ್ಡ್‌ನ ಮೊದಲ ಬೈಟ್ 20 ರಿಂದ 23ರೊಳಗೆ ಇರುತ್ತದೆ: 21 ಎಚ್ಚರಿಕೆ, 22 ಹ್ಯಾಂಡ್‌ಶೇಕ್, 23 ಡೇಟಾ. ಮೊದಲ ಐದು ಬೈಟ್ ಲಾಗ್‌ಗೆ ಹಾಕಿದರೆ ಅರ್ಧ ಗಂಟೆಯ ಜಗಳ ತಪ್ಪುತ್ತದೆ.

ಸಂಬಂಧವೇ ಇಲ್ಲದ ದೋಷ ಕಂಡರೆ ಹಳೆಯ ಕೆಸರಿರಬಹುದು. ದೋಷಗಳ ಸಾಲು ಥ್ರೆಡ್‌ಗೆ ಒಂದು, ಕನೆಕ್ಷನ್‌ಗೆ ಒಂದಲ್ಲ. ಬೇರೆ ಕನೆಕ್ಷನ್‌ನ ದೋಷ ಅದರಲ್ಲಿ ಉಳಿದಿದ್ದರೆ, ವಾಂಟ್_ರೀಡ್ ಆಗಬೇಕಿದ್ದದ್ದು ಎರರ್_ಎಸ್‌ಎಸ್‌ಎಲ್ ಎಂದು ಕಾಣುತ್ತದೆ. ಪ್ರತಿ ಕರೆಗೂ ಮೊದಲು ಇಆರ್‌ಆರ್_ಕ್ಲಿಯರ್_ಎರರ್.

ಒಂದು ಥ್ರೆಡ್ ಓದಲಿ, ಇನ್ನೊಂದು ಬರೆಯಲಿ ಎಂದರೆ?

ಒಂದೇ ಎಸ್‌ಎಸ್‌ಎಲ್ ವಸ್ತುವಿನ ಮೇಲೆ ಬೀಗವಿಲ್ಲದೆ ಆಗದು. ಓದು ಬರೆಯುತ್ತದೆ, ಬರಹ ಓದುತ್ತದೆ ಎಂದು ಮೇಲೆಯೇ ನೋಡಿದಿರಿ.

ಎಷ್ಟೆಷ್ಟು ಬೈಟ್ ಬರೆಯಬೇಕು?

ಒಂದೊಂದೇ ಬೈಟ್ ಎಸ್‌ಎಸ್‌ಎಲ್_ರೈಟ್ ಮಾಡಿದರೆ ಪ್ರತಿಯೊಂದೂ 23 ಬೈಟ್‌ನ ರೆಕಾರ್ಡ್ ಆಗುತ್ತದೆ. ಕೂಡಿಸಿ ಬರೆಯಿರಿ. ಆದರೆ ಕನೆಕ್ಷನ್‌ನ ಆರಂಭದಲ್ಲಿ ಪೂರ್ಣ ರೆಕಾರ್ಡ್ ಕೂಡ ಒಳ್ಳೆಯದಲ್ಲ: ಟಿಸಿಪಿಯ ಆರಂಭದ ಕಿಟಕಿ (ಮುಟ್ಟಿತು ಎಂಬ ಉತ್ತರ ಬರುವ ಮೊದಲು ಕಳಿಸಬಹುದಾದಷ್ಟು) ಸಾಮಾನ್ಯವಾಗಿ 10 ಸೆಗ್ಮೆಂಟ್, ಪೂರ್ಣ ರೆಕಾರ್ಡ್ 12. ಕೊನೆಯ ಎರಡಕ್ಕಾಗಿ ಇನ್ನೊಂದು ಸುತ್ತಿನ ಕಾಯುವಿಕೆ. ಮೊದಲ ಕೆಲವು ರೆಕಾರ್ಡ್ 1,400 ಬೈಟ್ ಆಸುಪಾಸು ಇರಲಿ, ಹರಿವು ಹಿಡಿದ ಮೇಲೆ ದೊಡ್ಡದು ಮಾಡಿ.

ಇದನ್ನೆಲ್ಲ ಪರೀಕ್ಷಿಸುವುದು ಹೇಗೆ? ನಮ್ಮ ಯಂತ್ರದಲ್ಲಿ ಎಂದೂ ಕೆಡುವುದಿಲ್ಲ.

ಒಂದೇ ಯಂತ್ರದೊಳಗಿನ ಲೂಪ್‌ಬ್ಯಾಕ್‌ನಲ್ಲಿ ರೆಕಾರ್ಡ್ ಪೂರ್ತಿಯಾಗಿ ಒಮ್ಮೆಗೇ ಬಂದುಬಿಡುತ್ತದೆ, ಅದಕ್ಕೇ ಕೆಡುವುದಿಲ್ಲ. ನಡುವೆ ಒಂದು ಸಣ್ಣ ರಿಲೇ ಬರೆದು ಒಂದು ಸಲಕ್ಕೆ ಒಂದೇ ಬೈಟ್ ದಾಟಿಸಿ. ಅರ್ಧ ರೆಕಾರ್ಡ್‌ನ ದೋಷಗಳು ಮೊದಲ ನಿಮಿಷದಲ್ಲೇ ಹೊರಬೀಳುತ್ತವೆ. ಕಳಿಸುವ ಕಡೆ ಎಸ್‌ಒ_ಎಸ್‌ಎನ್‌ಡಿಬಫ್ (ಸಾಕೆಟ್‌ನ ಕಳಿಸುವ ಬಫರಿನ ಗಾತ್ರ) ಕಡಿಮೆ ಮಾಡಿ. ಲಿನಕ್ಸ್ ನೀವು ಕೊಟ್ಟ ಸಂಖ್ಯೆಯನ್ನು ದುಪ್ಪಟ್ಟು ಮಾಡುತ್ತದೆ ಎಂಬುದು ನೆನಪಿರಲಿ. ಎದುರಿನವರು 30 ಸೆಕೆಂಡ್ ಓದದೆ ಕೂರುವಂತೆ ಮಾಡಿ, ಮೆಮೊರಿ ನೋಡಿ. ಸಂದೇಶದ ಉದ್ದ 1, 4,095, 4,096, 4,097, 16,383, 16,384, 16,385 ಬೈಟ್ ಇಟ್ಟು ಓಡಿಸಿ. ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್‌ನಿಂದ ಸೇರಿ, ಸಾಲಿನ ಮೊದಲಿಗೆ ದೊಡ್ಡಕ್ಷರದ ‘ಕೆ’ ಒತ್ತಿದರೆ 1.3ರಲ್ಲಿ ಕೀ ಬದಲಾವಣೆ ಹೋಗುತ್ತದೆ, ದೊಡ್ಡಕ್ಷರದ ‘ಆರ್’ ಒತ್ತಿದರೆ 1.2ರಲ್ಲಿ ರೀನೆಗೋಷಿಯೇಷನ್. ಡೇಟಾ ಹರಿಯುತ್ತಿರುವಾಗಲೇ ಒತ್ತಿ, ಸುಮ್ಮನಿರುವಾಗ ಅಲ್ಲ.